ಕುಣಿಯಲಾರದವಳಿಗೆ ನೆಲ ಡೊಂಕಂತೆ, ನೆಲವೇ ಡೊಂಕಿದ್ದರೆ?

ಮಕ್ಕಳು ಆಟದಲ್ಲಿ ಸೋತು ಬಂದು ಏನಾದರೊಂದು ನೆಪ ಹೇಳಿದಾಗ ನಾವು ತಾಯಂದಿರು ಥಟ್ಟನೆ ಹೇಳುವ ಗಾದೆ ಒಂದುಂಟು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ನಾನೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ ನೋಡ್ರಿ. ಅದನ್ನು ನಾನು ಕಲಿತದ್ದು ಅಡುಗೆಮನೆಯಲ್ಲಲ್ಲ, ಪೂಲ್ ಆಟದ ಮೇಜಿನ ಪಕ್ಕದಲ್ಲಿ!

"ಅಯ್ಯ, ಪೂಲ್ ಆಟಕ್ಕೂ ಮನೆವಾರ್ತೆ ನೋಡುವ ಹೆಂಗಸಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಹೇಗೆ ಬಂತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಗಂಗಾವತಿ. ನನ್ನ ಮೈದುನ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಎರಡು ಪೂಲ್ ಟೇಬಲ್ ಹಾಕಿ ಅಂಗಡಿ ತೆರೆದ. ಬಂಡವಾಳ ಸಾಲದೆ ಬಂದಾಗ ನನ್ನ ಎರಡು ಪಾಟ್ಲಿ ಗಿರವಿಗೆ ಹೋದವು. ಮೊದಲ ನಾಲ್ಕು ತಿಂಗಳು ಹುಡುಗರು ಸಾಲುಗಟ್ಟಿ ಬಂದರು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಇಲ್ಲಿ ಓದಲು ಬಂದವರೂ ಬಂದರು. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. "ಇಲ್ಲಿ ಬಾಲ್ ಸೀದಾ ಹೋಗಂಗಿಲ್ಲ" ಎಂಬ ಮಾತು ಹಬ್ಬಿತು.

ಒಂದು ಸಂಜೆ ಗಲಾಟೆಯೇ ಆಯಿತು. ಜೀವದ ಗೆಳೆಯರಿಬ್ಬರು ಆಡುತ್ತಿದ್ದರು. ಕೊನೆಯ ಕಪ್ಪು ಚೆಂಡು ಬೀಳಬೇಕಾದದ್ದು ಬೀಳಲಿಲ್ಲ. "ನೀ ಟೇಬಲ್ ಅಲುಗಾಡ್ಸಿದಿ" ಎಂದು ಒಬ್ಬ, "ನಿನಗ ಆಡಾಕ ಬರಂಗಿಲ್ಲ, ಸುಮ್ನಿರಲೇ" ಎಂದು ಇನ್ನೊಬ್ಬ. ಮಾತಿಗೆ ಮಾತು ಬೆಳೆದು ಕೈಯಲ್ಲಿದ್ದ ಕೋಲು ಮೇಲೆದ್ದಿತು. ನಾನು ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ನಡುವೆ ನಿಂತೆ. ಮರುದಿನ ಓಣಿಯ ಹಿರಿಯರು ಬಂದು, "ತಂಗಿ, ಇದನ್ನ ಮುಚ್ಚಿಸಿಬಿಡು, ಹುಡುಗರು ಕೆಡ್ತಾರ" ಎಂದರು. ಗಿರವಿಗೆ ಹೋದ ಪಾಟ್ಲಿ ಕಣ್ಣ ಮುಂದೆ ಬಂದವು. ಏನು ಹೇಳಲಿ?

ಅದೇ ವಾರ ಬೆಂಗಳೂರಿನಿಂದ ನಮ್ಮ ಸಂಬಂಧಿಕ ಹುಡುಗನೊಬ್ಬ ಬಂದಿದ್ದ. ಪೂಲ್ ಬಲ್ಲವನು. ನಾಲ್ಕು ಹೊಡೆತ ಹೊಡೆದವನೇ ಬಿಳಿ ಚೆಂಡನ್ನು ಎತ್ತಿ ಹೆಬ್ಬೆರಳಿನಿಂದ ತಿಕ್ಕಿದ. ಹೆಬ್ಬೆರಳು ಕಪ್ಪಾಯಿತು! "ಅತ್ತಿಗಿ, ಇದು ಹುಡುಗರ ಜಗಳ ಅಲ್ಲ ಬಿಡ್ರಿ, ಚೆಂಡಿನ ಜಗಳ" ಎಂದ. ನನಗೆ ನಗು ಬಂತು. ಕೊಳೆ ಅಂದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ ತಾನೆ? ಆಟಕ್ಕೇನು ಆದೀತು? ಆದೀತು ಎಂಬುದು ಆಮೇಲೆ ತಿಳಿಯಿತು.

ಆಟವೆಂದರೆ ಇಷ್ಟು

ತಿಳಿಯದವರಿಗಾಗಿ ಎರಡು ಮಾತು. ಹಸಿರು ಅಥವಾ ನೀಲಿ ಬಟ್ಟೆ ಬಿಗಿದ ಮೇಜು. ಅದಕ್ಕೆ ಆರು ಕುಳಿ. ಅಂಕಿ ಬರೆದ 15 ಬಣ್ಣದ ಚೆಂಡು, ಒಂದು ಬಿಳಿ ಚೆಂಡು. ಕೋಲಿನಿಂದ ಬಿಳಿಯದನ್ನು ಮಾತ್ರ ಹೊಡೆಯಬೇಕು. ಬಿಳಿಯದು ಹೋಗಿ ಬಣ್ಣದ್ದನ್ನು ತಾಗಿ ಕುಳಿಗೆ ಬೀಳಿಸಬೇಕು. ಕೇರಂ ಆಡಿದವರಿಗೆ ಹೇಳಬೇಕಾದ್ದೇ ಇಲ್ಲ, ಸ್ಟ್ರೈಕರ್ ಇದ್ದ ಹಾಗೆ ಬಿಳಿ ಚೆಂಡು. ಒಬ್ಬರಿಗೆ 1ರಿಂದ 7, ಇನ್ನೊಬ್ಬರಿಗೆ 9ರಿಂದ 15. ತಮ್ಮವೆಲ್ಲ ಬಿದ್ದ ಮೇಲೆ 8ನೇ ಕಪ್ಪು ಚೆಂಡು ಬೀಳಿಸಿದವರು ಗೆದ್ದರು. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಮೂರೂ ಅಕ್ಕತಂಗಿಯರಿದ್ದ ಹಾಗೆ.

ಚೆಂಡಿನ ಅಡ್ಡಗಲ ಎರಡೂಕಾಲು ಇಂಚು, ಅಂದರೆ 57 ಮಿಲಿಮೀಟರಿಗೆ ಚೂರು ಹೆಚ್ಚು. ತೂಕ 156ರಿಂದ 170 ಗ್ರಾಂ. ಗಾತ್ರದಲ್ಲಿ ಒಂದು ದೊಡ್ಡ ರವೆ ಉಂಡಿ ಅನ್ನಿ. ಪಂದ್ಯದ ಮೇಜುಗಳಲ್ಲಿ ಮೂಲೆಯ ಕುಳಿಯ ಬಾಯಿ ಸುಮಾರು ನಾಲ್ಕೂವರೆ ಇಂಚು. ಎರಡು ಚೆಂಡು ಒಟ್ಟಿಗೆ ಹಿಡಿಯುವಷ್ಟೇ ಜಾಗ. ಅರ್ಧ ಇಂಚು, ಒಂದು ಇಂಚು ತಪ್ಪಿದರೂ ಏನಾಗುತ್ತದೆಂದು ನೀವೇ ಊಹಿಸಿರಿ.

ಕೊಳೆ ಮಾಡುವ ಕಿತಾಪತಿ

ರೊಟ್ಟಿ ತಟ್ಟುವಾಗ ಕೆಳಗೆ ಒಣಹಿಟ್ಟು ಉದುರಿಸುತ್ತೇವೆ; ರೊಟ್ಟಿ ಜಾರಬೇಕು, ಹಿಡಿಯಬಾರದು. ಬೀಸುವ ಕಲ್ಲಿಗೆ ಮಾತ್ರ ಮುಳ್ಳು ಹೊಡೆಸುತ್ತೇವೆ. ಅಲ್ಲಿ ಹಿಡಿಯಬೇಕು, ಜಾರಬಾರದು. ಎಲ್ಲಿ ಜಾರಬೇಕು, ಎಲ್ಲಿ ಹಿಡಿಯಬೇಕು ಎಂಬುದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೂಲ್ ಆಟದ ಗುಟ್ಟೂ ಇದೇ.

ಕೋಲಿನ ತುದಿ ಚೆಂಡನ್ನು ಹಿಡಿಯಬೇಕು. ಅದಕ್ಕಾಗಿ ತುದಿಯ ತೊಗಲಿಗೆ ನೀಲಿ ಚಾಕ್ ತಿಕ್ಕುತ್ತಾರೆ. ಹೆಸರಿಗೆ ಚಾಕ್, ಆದರೆ ಶಾಲೆಯ ಸುಣ್ಣದ ಕಡ್ಡಿಯಲ್ಲ. ಅಮೆರಿಕೆಯ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬಿಬ್ಬರು 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರಲ್ಲಿ ಇರುವುದು ಮರಳಿನ ಜಾತಿಯ ಸಿಲಿಕಾ ಮತ್ತು ಉಜ್ಜುಕಾಗದದಲ್ಲಿ ಇರುವಂಥ ಗಡಸು ಪುಡಿ.

ಆದರೆ ಚೆಂಡಿಗೂ ಚೆಂಡಿಗೂ ನಡುವೆ ಜಾರಬೇಕು. ಎರಡು ಚೆಂಡು ತಾಗುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಅಷ್ಟರಲ್ಲಿಯೇ ಕೊಳೆಯಾದ ಬಿಳಿ ಚೆಂಡು ಬಣ್ಣದ ಚೆಂಡನ್ನು ಸೆರಗು ಹಿಡಿದು ಎಳೆದ ಹಾಗೆ ತನ್ನ ದಾರಿಯತ್ತ ಎಳೆದುಬಿಡುತ್ತದೆ. ಆಟಗಾರ ಪಕ್ಕಕ್ಕೆ ಕತ್ತರಿಸಿ ಕಳಿಸಬೇಕೆಂದರೆ ಅದು ಪೂರ್ತಿ ಕತ್ತರಿಸುವುದಿಲ್ಲ, ಸ್ವಲ್ಪ ನೇರಕ್ಕೆ ವಾಲುತ್ತದೆ. ಮೆಲ್ಲಗೆ ಹೊಡೆದಷ್ಟೂ ಈ ಎಳೆತ ಹೆಚ್ಚು, ಜೋರಾಗಿ ಹೊಡೆದರೆ ಕಡಿಮೆ. ಅತಿ ಹೆಚ್ಚೆಂದರೆ ಒಂದು ಅಡಿ ದಾರಿಗೆ ಒಂದು ಇಂಚಿನಷ್ಟು ದಾರಿ ತಪ್ಪುತ್ತದೆ. ನಾಲ್ಕು ಅಡಿ ದೂರದ ಕುಳಿಗೆ ನಾಲ್ಕು ಇಂಚು! ಚೆಂಡು ಎಲ್ಲಿಗೆ ಹೋದೀತು?

ಶುದ್ಧವಾದ ಚೆಂಡಿಗೂ ಈ ಎಳೆತ ಸ್ವಲ್ಪ ಇದ್ದೇ ಇರುತ್ತದೆ. ಆಡಿ ಆಡಿ ಆಟಗಾರರು ಅದನ್ನು ಲೆಕ್ಕ ಹಿಡಿದಿರುತ್ತಾರೆ. ಎಲ್ಲ ಚೆಂಡೂ ಒಂದೇ ಸಮ ಕೊಳೆಯಾಗಿದ್ದರೆ ಅದಕ್ಕೂ ಕೈ ಹೊಂದಿಕೊಳ್ಳುತ್ತದೆ. ಕಷ್ಟವಿರುವುದು ಒಂದು ಚೆಂಡು ಶುದ್ಧ, ಇನ್ನೊಂದು ಕೊಳೆ ಆದಾಗ. ಅಥವಾ ಒಂದೇ ಚೆಂಡಿನ ಒಂದು ಮಗ್ಗುಲಲ್ಲಿ ಚಾಕಿನ ಚುಕ್ಕೆ ಅಂಟಿದಾಗ. ಆ ಚುಕ್ಕೆಯೇ ತಾಗುವ ಜಾಗಕ್ಕೆ ಬಂತೆನ್ನಿ, ಚೆಂಡು ಕ್ಷಣ ಅಂಟಿಕೊಂಡು, ಸಣ್ಣಗೆ ನೆಗೆದು, ಎತ್ತಲೋ ಹೋಗುತ್ತದೆ. ಸ್ನೂಕರಿನವರು ಇದಕ್ಕೆ 'ಕಿಕ್' ಎನ್ನುತ್ತಾರೆ. ಹೊಡೆದವನ ತಪ್ಪಿಲ್ಲ, ಎದುರಿಗಿದ್ದವನ ತಪ್ಪೂ ಇಲ್ಲ. ಆದರೆ ಜಗಳ ಮಾತ್ರ ಅವರಿಬ್ಬರದು! ಟಿವಿಯಲ್ಲಿ ದೊಡ್ಡ ಸ್ನೂಕರ್ ಪಂದ್ಯ ಬಂದಾಗ ಗಮನಿಸಿರಿ. ಆಟಗಾರ ಕೇಳಿದರೆ ಬಿಳಿ ಕೈಗವಸು ತೊಟ್ಟ ರೆಫರಿ ಚೆಂಡಿನ ಜಾಗ ಗುರುತು ಮಾಡಿ, ಎತ್ತಿ, ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಾರೆ. ಚೆಂಡು ಒರೆಸುವುದು ಅಲ್ಲಿ ನ್ಯಾಯ ಕೊಡುವವರ ಕೆಲಸ.

ಇನ್ನೂ ಉಂಟು. ಆರಂಭದಲ್ಲಿ ತ್ರಿಕೋನವಾಗಿ ಕೂಡಿಟ್ಟ ಚೆಂಡುಗಳನ್ನು ಒಡೆಯುವಾಗ, ಕೊಳೆಯಾದವು ಒಂದನ್ನೊಂದು ಬಿಡದೆ ಗುಂಪಾಗಿ ಉಳಿಯುತ್ತವೆ. ಶುದ್ಧವಾದವು ಚೆನ್ನಾಗಿ ಚದುರುತ್ತವೆ. ಬಿಳಿ ಚೆಂಡಿಗೆ ಹಿಂದಕ್ಕೆ ಬರುವ ಸುತ್ತು ಕೊಟ್ಟರೆ, ನುಣುಪಾದದ್ದು ಬಟ್ಟೆಯ ಮೇಲೆ ಜಾರುತ್ತ ಆ ಸುತ್ತನ್ನು ದೂರದವರೆಗೆ ಉಳಿಸಿಕೊಳ್ಳುತ್ತದೆ. ಕೊಳೆಯಾದದ್ದು ಬಟ್ಟೆಗೆ ಉಜ್ಜಿ ದಾರಿಯಲ್ಲೇ ಕಳೆದುಕೊಳ್ಳುತ್ತದೆ.

ನಾನು ಮಾಡಿದ ತಪ್ಪು

ಇಷ್ಟು ಕೇಳಿದ ಮೇಲೆ ಸುಮ್ಮನಿರುತ್ತೇನೆಯೆ? "ತೊಳೆಯೋದು ತಾನೆ? ನನಗ ಬಿಡ್ರಿ" ಎಂದೆ. ನಮ್ಮ ಊರಿನಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಭತ್ತದ ಹೊಟ್ಟಿನ ಬೂದಿಗೂ ಬರವಿಲ್ಲ. ಹಬ್ಬ ಬಂದರೆ ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆಯ ಸಮೆ, ತಾಮ್ರದ ಕೊಡ ಬಂಗಾರದಂತೆ ಬೆಳಗುವ ಕೈ ನನ್ನದು. ಪುಣ್ಯಕ್ಕೆ ಮೈದುನ ಮೊದಲು ಹಳೆಯ ಸೆಟ್ಟನ್ನು ಕೊಟ್ಟ. ಹಿತ್ತಲಲ್ಲಿ ಕುಳಿತು ಅದೇ ಹುಣಸೆಹಣ್ಣು, ಅದೇ ಬೂದಿಯಿಂದ ಹದಿನಾರೂ ಚೆಂಡು ತಿಕ್ಕಿದೆ. ಕೊಳೆ ಹೋಯಿತು. ಅದರ ಜೊತೆಗೆ ಹೊಳಪೂ ಹೋಯಿತು! ಎರಡೇ ದಿನದಲ್ಲಿ ಮೊದಲಿಗಿಂತ ಕಪ್ಪಾದವು.

ಯಾಕೆ ಗೊತ್ತೆ? ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹಿತ್ತಾಳೆಯ ಮೇಲೆ ಕಿಲುಬಿನ ಪದರ ಇರುತ್ತದೆ, ಅದನ್ನು ಕೆರೆದು ತೆಗೆಯಲೇಬೇಕು, ಬೂದಿ ಸರಿ. ಚೆಂಡಿನ ಮೇಲೆ ಕಿಲುಬಿಲ್ಲ, ಬರೀ ಅಂಟಿದ ಕೊಳೆ. ಬೂದಿ ಅದರ ಮೈಯನ್ನೇ ಕೆರೆಯಿತು. ಕಣ್ಣಿಗೆ ಕಾಣದ ಆ ಗೀರುಗಳಲ್ಲಿ ಚಾಕು, ಧೂಳು, ಕೈಯ ಎಣ್ಣೆ ಹೋಗಿ ಕುಳಿತವು.

ಇನ್ನು ಮೈದುನನ ಸರದಿ. ಯಾರೋ ಹೇಳಿದರೆಂದು ಕಾರಿಗೆ ಹಚ್ಚುವ ಪಾಲಿಶ್ ತಂದು ಹೊಸ ಸೆಟ್ಟಿಗೆ ಹಚ್ಚಿದ. ಕನ್ನಡಿಯಂತೆ ಹೊಳೆದವು. ಆದರೆ ಚೆಂಡುಗಳು ಅತಿಯಾಗಿ ಜಾರಿ, ಪಳಗಿದವರ ಗುರಿಯೂ ತಪ್ಪಿತು. ನಾಲ್ಕು ದಿನಕ್ಕೆ ಆ ಮೇಣ ಅಲ್ಲಲ್ಲಿ ಸವೆದು, ಉಳಿದಲ್ಲಿ ಧೂಳು ಹಿಡಿದು ಜಿಗುಟಾಯಿತು. ಹೊಳಪು ಬೇರೆ, ಶುದ್ಧಿ ಬೇರೆ ಎಂಬ ಪಾಠ ಆವತ್ತು ಆಯಿತು. ಮೇಣ ಹಚ್ಚಿದ ಚೆಂಡು ಎಣ್ಣೆ ಸವರಿಕೊಂಡ ಕೊಳೆ ತಲೆಯಿದ್ದ ಹಾಗೆ!

ಕುಕ್ಕರಿನ ಹಿಡಿಕೆಯ ದಾಯಾದಿ

ಚೆಂಡು ಯಾವುದರಿಂದ ಆದದ್ದೆಂದು ತಿಳಿದಿದ್ದರೆ ಇಬ್ಬರೂ ತಪ್ಪುತ್ತಿರಲಿಲ್ಲ. ಹಿಂದೆ ಬಿಲಿಯರ್ಡ್ಸ್ ಚೆಂಡನ್ನು ಆನೆಯ ದಂತದಿಂದ ಮಾಡುತ್ತಿದ್ದರು. ದಂತ ಸಿಗುವುದು ದುಬಾರಿಯಾದಾಗ, 1863ರಲ್ಲಿ ಅಮೆರಿಕೆಯ ಒಂದು ಬಿಲಿಯರ್ಡ್ಸ್ ಕಂಪನಿ ಬದಲಿ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಸಾರಿತು. ಜಾನ್ ವೆಸ್ಲಿ ಹಯಾಟ್ ಎಂಬಾತ ಆ ಹುಡುಕಾಟದಲ್ಲಿ ಸೆಲ್ಯುಲಾಯ್ಡ್ ಚೆಂಡು ಮಾಡಿದ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಕಂಡುಹಿಡಿದ. ನಮ್ಮ ಕುಕ್ಕರಿನ ಕಪ್ಪು ಹಿಡಿಕೆ, ಹಳೇ ಮನೆಗಳ ಕಪ್ಪು ಸ್ವಿಚ್ಚು ಇವೆಲ್ಲ ಅದರವೇ. ಇಂದಿನ ಒಳ್ಳೆಯ ಪೂಲ್ ಚೆಂಡು ಅದೇ ಕುಲದ ಫೆನಾಲಿಕ್ ರಾಳದ್ದು. ಬೆಲ್ಜಿಯಂ ದೇಶದ ಸಲೂಕ್ ಕಂಪನಿಯ 'ಅರಾಮಿತ್' ಚೆಂಡುಗಳು ಇದರಲ್ಲಿ ಹೆಸರಾದವು. ಅಗ್ಗದ ಚೆಂಡು ಪಾಲಿಯೆಸ್ಟರಿನವು. ಬೇಗ ಗೀರು ಬೀಳುತ್ತವೆ, ಬೇಗ ಮಂಕಾಗುತ್ತವೆ.

ಅಂದ ಮೇಲೆ ಇಷ್ಟು ನೆನಪಿಟ್ಟರೆ ಸಾಕು: ಹೊಸ ಕುಕ್ಕರಿನ ಹಿಡಿಕೆಗೆ ಏನು ಮಾಡುವುದಿಲ್ಲವೋ ಚೆಂಡಿಗೂ ಅದನ್ನು ಮಾಡಬೇಡಿರಿ. ಬೂದಿ, ತಂತಿಯ ಜುಂಗು, ಪಾತ್ರೆ ತಿಕ್ಕುವ ಪುಡಿ, ಬ್ಲೀಚು, ಕುದಿಯುವ ನೀರು ಯಾವುದೂ ಬೇಡ.

ತೊಳೆಯುವ ವಿಧಾನ

ಬೇಕಾಗುವ ಸಾಮಾನು: ಎರಡು ಪ್ಲಾಸ್ಟಿಕ್ ಬುಟ್ಟಿ, ಉಗುರುಬೆಚ್ಚಗಿನ ನೀರು, ಒಂದು ಚಮಚ ಸೌಮ್ಯವಾದ ದ್ರವ ಸಾಬೂನು, ಎರಡು ಟವೆಲ್ಲು, ಒಗೆದು ಒಗೆದು ಮೆತ್ತಗಾದ ಹತ್ತಿ ಧೋತರದ ತುಂಡು (ಜರಿಯ ಅಂಚು ಕತ್ತರಿಸಿ ತೆಗೆಯಿರಿ). ಮೈಕ್ರೋಫೈಬರ್ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು.

1. ಬುಟ್ಟಿಯ ತಳಕ್ಕೆ ಟವೆಲ್ಲು ಹಾಸಿರಿ. ಚೆಂಡುಗಳು ಒಂದಕ್ಕೊಂದು ಅಥವಾ ಕಲ್ಲಿಗೆ ಬಡಿಯಬಾರದು.

2. ಒಂದು ಸಲಕ್ಕೆ ಒಂದೇ ಚೆಂಡು ಸಾಬೂನಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಸುತ್ತಲೂ ತಿರುಗಿಸಿ ತೊಳೆಯಿರಿ. ಬೇಳೆಯಂತೆ ನೆನೆಹಾಕುವುದು ಬೇಕಿಲ್ಲ. ಚಾಕಿನ ಚುಕ್ಕೆಯಿದ್ದಲ್ಲಿ ಉಗುರು ಹಾಕದೆ, ಒದ್ದೆ ಬಟ್ಟೆಯನ್ನು ಕ್ಷಣಹೊತ್ತು ಒತ್ತಿ ಹಿಡಿಯಿರಿ.

3. ಎರಡನೇ ಬುಟ್ಟಿಯ ನೀರಲ್ಲಿ ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿರಿ. ಬೋರಿನ ಗಡಸು ನೀರಾದರೆ ಸಾಬೂನು ಅದರ ಜೊತೆ ಸೇರಿ ಬಿಳಿ ಪೊರೆ ಕಟ್ಟುತ್ತದೆ. ನೀರು ಒಣಗಿದಾಗ ಉಪ್ಪಿನ ಕಲೆ ಉಳಿಯುತ್ತದೆ. ಕೊನೆಯ ಜಾಲಿಸುವಿಕೆಗೆ ಕುಡಿಯುವ ಫಿಲ್ಟರ್ ನೀರು ಬಳಸಿರಿ.

4. ಟವೆಲ್ಲಿನಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಆರಿಸಿರಿ. ಹಸಿ ಚೆಂಡು ಮೇಜಿನ ಬಟ್ಟೆಗೆ ತಾಗಿದರೆ ಬಟ್ಟೆಯೂ ಕೆಡುತ್ತದೆ.

5. ಒಣಗಿದ ಧೋತರದಿಂದ ನಿಮಿಷಹೊತ್ತು ಉಜ್ಜಿರಿ. ಫೆನಾಲಿಕ್ ಚೆಂಡಿಗೆ ಸಹಜ ಹೊಳಪು ಇಷ್ಟರಿಂದಲೇ ಬರುತ್ತದೆ. ಪಾಲಿಶ್ ಬೇಕೇಬೇಕೆಂದರೆ ಚೆಂಡಿಗೆಂದೇ ಮಾಡಿದ ದ್ರವವನ್ನು ಬಳಸಿ, ಒಂದು ಹನಿಯೂ ಉಳಿಯದಂತೆ ಒರೆಸಿರಿ. ಕಾರಿನ ಮೇಣ, ಪೀಠೋಪಕರಣದ ಪಾಲಿಶ್, ಕೊಬ್ಬರಿ ಎಣ್ಣೆ ಖಂಡಿತ ಬೇಡ.

ಬಿಳಿ ಚೆಂಡನ್ನು ಪ್ರತಿದಿನ ಒರೆಸಬೇಕು. ಪ್ರತಿ ಹೊಡೆತವೂ ಅದಕ್ಕೇ ಬೀಳುವುದರಿಂದ ಚಾಕು ಹೆಚ್ಚು ಅಂಟುವುದು ಅದಕ್ಕೇ, ಹೆಚ್ಚು ಸವೆಯುವುದೂ ಅದೇ. ಜನ ಹೆಚ್ಚಿದ್ದರೆ ಇಡೀ ಸೆಟ್ಟನ್ನು ವಾರಕ್ಕೊಮ್ಮೆ ತೊಳೆಯಿರಿ. ತೊಳೆಯುವಾಗ ಹದಿನಾರೂ ಒಟ್ಟಿಗೆ ತೊಳೆಯಬೇಕು. ಅರ್ಧ ತೊಳೆದು ಅರ್ಧ ಬಿಟ್ಟರೆ ತೊಳೆಯದಿದ್ದುದೇ ವಾಸಿ.

ಚೆಂಡು ಮಾತ್ರ ತೊಳೆದರೂ ಸಾಲದು. ಮೇಜಿನ ಬಟ್ಟೆಯಲ್ಲಿ ಧೂಳು, ಚಾಕು ತುಂಬಿದ್ದರೆ ಉರುಳುತ್ತಲೇ ಮತ್ತೆ ಕೊಳೆಯಾಗುತ್ತವೆ. ದಿನಾ ಮೃದುವಾದ ಬ್ರಷ್ಷಿನಿಂದ ಗುಡಿಸಿ, ರಾತ್ರಿ ಹೊದಿಕೆ ಹಾಕಬೇಕು. ನಮ್ಮಲ್ಲಿ ಗಿರಣಿಯ ಬೂದಿ. ಕೊಪ್ಪಳದ ಕಡೆ ಕಾರ್ಖಾನೆಗಳ ಕಪ್ಪು ಧೂಳು. ಕುಷ್ಟಗಿ, ಯಲಬುರ್ಗಾ ಕಡೆ ಬೇಸಿಗೆಯ ಗಾಳಿಗೆ ಏಳುವ ಮಣ್ಣು. ಕಿಟಕಿಗೆ ಪರದೆ ಬೇಕೇ ಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಯಾರು ಗೊತ್ತೆ? ಮಿರ್ಚಿ, ಮಂಡಕ್ಕಿ ಒಗ್ಗರಣಿ! ಮಿರ್ಚಿ ತಿಂದ ಕೈಯಲ್ಲೇ ಚೆಂಡು ಮುಟ್ಟುತ್ತಾರೆ. ಆ ಎಣ್ಣೆಗೆ ಚಾಕಿನ ಪುಡಿ ಸೇರಿದರೆ ಹಚ್ಚಿ ಮೆತ್ತಿದ ಹಾಗೆಯೇ. ನಾನು ಬಾಗಿಲಲ್ಲೇ ಒಂದು ಬಕೆಟ್ ನೀರು, ಸಾಬೂನು, ಟವೆಲ್ಲು ಇಟ್ಟೆ. ಕೈ ತೊಳೆಯದೆ ಒಳಗೆ ಪ್ರವೇಶವಿಲ್ಲ.

ಕಣ್ಣಾರೆ ಕಂಡದ್ದು

ತೊಳೆದ ದಿನ ಬೆಂಗಳೂರಿನ ಹುಡುಗ ಒಂದು ಪರೀಕ್ಷೆ ತೋರಿಸಿದ. ಎರಡು ಚೆಂಡು ಒಂದಕ್ಕೊಂದು ತಾಗಿಸಿ, ಎರಡೂ ಕುಳಿಯ ನೇರಕ್ಕೆ ಬರುವಂತೆ ಇಟ್ಟ. ಹಿಂದಿನದಕ್ಕೆ ಬಿಳಿ ಚೆಂಡಿನಿಂದ ಓರೆಯಾಗಿ ಮೆಲ್ಲಗೆ ಹೊಡೆದ. ಮೊದಲು ತೊಳೆಯದ ಹಳೆಯ ಚೆಂಡುಗಳಿಂದ: ಮುಂದಿನದು ಕುಳಿ ಬಿಟ್ಟು ಪಕ್ಕದ ಗೋಡೆಗೆ ಹೋಗಿ ಬಡಿಯಿತು. ಆಮೇಲೆ ತೊಳೆದವುಗಳಿಂದ: ಅಂಚಿಗೆ ತಾಗಿದರೂ ಒಳಗೆ ಬಿತ್ತು. ನೇರ ಎಂದು ಕಣ್ಣಿಗೆ ಕಂಡದ್ದು ನೇರ ಹೋಗಲಿಲ್ಲ, ಕೊಳೆಯಿಂದ! ಜಗಳವಾಡಿದ ಆ ಇಬ್ಬರು ಹುಡುಗರನ್ನೂ ಕರೆಸಿ ಇದನ್ನೇ ತೋರಿಸಿದೆವು. ಒಬ್ಬ ತಲೆ ಕೆರೆದುಕೊಂಡ. ಇನ್ನೊಬ್ಬ, "ಅಂದ್ರ ಅವತ್ತು ಅವ ಅಲುಗಾಡ್ಸಿರಲಿಲ್ಲೇನು ಅಕ್ಕಾರ?" ಎಂದು ಕೇಳಿದ. ಅವನ ಮುಖ ನೋಡಲಾಗಲಿಲ್ಲ ನನಗೆ.

ಚೆಂಡು ತೊಳೆದ ಮೇಲೆ ಜಗಳವೇ ಇಲ್ಲವೆಂದು ಸುಳ್ಳು ಹೇಳಲಾರೆ. ಹಣ ಕಟ್ಟಿ ಆಡಿದರೆ ಯಾವ ಸಾಬೂನೂ ಸಾಲದು. ಆ ಹಿರಿಯರ ಮಾತಿನಲ್ಲಿ ಅಷ್ಟು ನಿಜವಿತ್ತು. ಅದಕ್ಕೇ ಬಾಜಿ ಬಂದ್, ರಾತ್ರಿ ಎಂಟರ ಮೇಲೆ ಶಾಲೆಯ ಹುಡುಗರಿಗೆ ಬಂದ್ ಎಂದು ಬೋರ್ಡು ಹಾಕಿದ್ದೇವೆ. ಆದರೆ ಸೋತವನಿಗೆ ತಾನು ಸೋತದ್ದು ತನ್ನ ಆಟದಿಂದಲೇ ಎಂದು ಗೊತ್ತಾದರೆ ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ಚೆಂಡು ತೊಳೆಯುವುದು ಅದಕ್ಕಾಗಿ.

ಇನ್ನೊಂದು ಮಾತು. ಇದು ಗಂಡಸರ ಆಟ ಎಂದುಕೊಂಡಿದ್ದವಳು ನಾನು. ನಮ್ಮ ರಾಜ್ಯದ ಉಮಾದೇವಿ ನಾಗರಾಜ್ ಅವರು ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಬಿಲಿಯರ್ಡ್ಸ್ ಕಲಿತು, 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು ಎಂದು ನನ್ನ ಮಗಳೇ ನನಗೆ ಹೇಳಿದಳು. ಬೆಂಗಳೂರಿನ ವಿದ್ಯಾ ಪಿಳ್ಳೈ 2017ರಲ್ಲಿ ವಿಶ್ವ ಮಹಿಳಾ ಸ್ನೂಕರ್ ಫೈನಲ್ಲಿನಲ್ಲಿ 6-5ರಿಂದ, ಒಂದೇ ಒಂದು ಫ್ರೇಮಿನಿಂದ, ಸೋತರು. ಮೊದಲು ನನ್ನ ಮಗಳು ಪಡಸಾಲೆಗೆ ಕಾಲಿಡಲು ನಾನೇ ಬಿಡುತ್ತಿರಲಿಲ್ಲ. ಈಗ ರವಿವಾರ ಬೆಳಿಗ್ಗೆ ಎರಡು ತಾಸು ಹೆಣ್ಣುಮಕ್ಕಳಿಗೆಂದು ಇಟ್ಟಿದ್ದೇವೆ. ಸದ್ಯಕ್ಕೆ ಬರುವವರು ಮಗಳು ಮತ್ತು ಅವಳ ಇಬ್ಬರು ಗೆಳತಿಯರು, ಅಷ್ಟೇ.

ಓದುಗ ಸೋದರಿಯರೇ, ನಿಮ್ಮ ಮನೆಯ ಹುಡುಗ ಎಲ್ಲಿಯಾದರೂ ಪೂಲ್ ಆಡಲು ಹೋಗುತ್ತಿದ್ದರೆ ಬೈಯುವ ಮೊದಲು ಒಮ್ಮೆ ನೀವೂ ಆ ಅಂಗಡಿಗೆ ಹೋಗಿ ಬನ್ನಿರಿ. ಬಿಳಿ ಚೆಂಡು ಎತ್ತಿ ಹೆಬ್ಬೆರಳಿನಿಂದ ತಿಕ್ಕಿ ನೋಡಿರಿ. ಚೆಂಡು ಶುದ್ಧವಾಗಿಟ್ಟವರು ಉಳಿದದ್ದನ್ನೂ ಸಾಮಾನ್ಯವಾಗಿ ಶುದ್ಧವಾಗಿಟ್ಟಿರುತ್ತಾರೆ. ಹೆಬ್ಬೆರಳು ಕಪ್ಪಾದರೆ ಅಂಗಡಿಯವರಿಗೆ ಈ ಲೇಖನ ತೋರಿಸಿರಿ. ಮಗ ಸೋತು ಬಂದು "ಬಾಲ್ ಸರಿ ಇರಲಿಲ್ಲವ್ವಾ" ಎಂದರೆ, ಗಾದೆ ಹೇಳುವ ಮೊದಲು ಒಂದು ಕ್ಷಣ ತಡೆಯಿರಿ.

ನನ್ನ ಪಾಟ್ಲಿಗಳೇನಾದವು ಎನ್ನುತ್ತೀರಾ? ಹುಡುಗರು ಮತ್ತೆ ಬರತೊಡಗಿದ್ದಾರೆ. ಒಂದು ಬಿಡಿಸಿಕೊಂಡು ಬಂದಾಯಿತು, ಇನ್ನೊಂದು ಇನ್ನೂ ಅಲ್ಲಿಯೇ ಇದೆ. ಸೋಮವಾರ ಬೆಳಿಗ್ಗೆ ಹದಿನಾರು ಚೆಂಡು ತೊಳೆದು ಧೋತರದ ಮೇಲೆ ಸಾಲಾಗಿ ಹರವುವುದು ಈಗ ನನ್ನದೇ ಕೆಲಸ. ಬೂದಿಯ ಡಬ್ಬಿ ಹಿತ್ತಾಳೆಯ ಸಮೆಗೆ ಮಾತ್ರ.